ಬಸವರಾಜ ಅಂತ ಹೆಸರಿಟ್ಟರೆ ಮಕ್ಕಳು ನಗುತ್ತಾರಾ?

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ನಮ್ಮೂರು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ನಾನು, ನನ್ನ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಗಂಡುಮಗು ಹುಟ್ಟಿ ಮೂರು ತಿಂಗಳಾಯಿತು. ತೀರಿಕೊಂಡ ನಮ್ಮಪ್ಪನ ಹೆಸರು ಬಸವರಾಜ. ಅದನ್ನೇ ಇಡಬೇಕು ಅಂತ ಅವ್ವ ಪಟ್ಟು ಹಿಡಿದಿದ್ದಾಳೆ. ನನ್ನ ಹೆಂಡತಿಗೆ ಆರವ್ ಅನ್ನೋ ಹೆಸರು ಇಷ್ಟ. ನೆಟ್‌ನಲ್ಲಿ ನೋಡಿದರೆ ಬಸವರಾಜ ಅಂದರೆ ಎತ್ತುಗಳ ರಾಜ ಅಂತಿದೆ, ಆರವ್ ಅಂದರೆ ಶಾಂತ ಅಂತಿದೆ. ನಮ್ಮೂರಲ್ಲಿ ಯಾವ ಓಣಿಗೆ ಹೋದರೂ ಒಬ್ಬ ಬಸವರಾಜ ಸಿಗುತ್ತಾನೆ. ಬೆಂಗಳೂರಿನ ಶಾಲೆಯಲ್ಲಿ ಮಕ್ಕಳು ನಗೋದಿಲ್ವಾ? ಈ ಹೆಸರಿನ ನಿಜವಾದ ಅರ್ಥ ಏನು ತಿಳಿಸಿ. ನನ್ನ ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಮೊದಲು ನಿಮ್ಮ ಮನೆಯವರ ಪರವಾಗಿ ಒಂದು ಮಾತು. ಆರವ್ ಕೇಳೋದಕ್ಕೆ ಚೆನ್ನಾಗಿದೆ. ಚಿಕ್ಕದು, ಯಾರ ನಾಲಿಗೆಗೂ ತೊಡಕಾಗಲ್ಲ. ಮಗನ ಹೆಸರಿನ ಬಗ್ಗೆ ಹೆತ್ತ ತಾಯಿಗೆ ಒಂದು ಆಸೆ ಇರೋದು ಸಹಜ, ಅದನ್ನು ತಳ್ಳಿಹಾಕೋ ಹಕ್ಕು ಯಾರಿಗೂ ಇಲ್ಲ.

ಆದರೆ ಆ ಅರ್ಥ ಎಲ್ಲಿಂದ ತಂದರು? ಆರವ ಅಂದರೆ ಸಂಸ್ಕೃತದಲ್ಲಿ ಸದ್ದು, ಕೂಗು. ರವ ಅಂದರೂ ಸದ್ದೇ. ಹಕ್ಕಿಗಳ ಕಲರವ ಅಂತ ಶಾಲೆಯಲ್ಲಿ ಓದಿದ್ದೀರಿ ಅಲ್ವಾ? ಅದೇ ರವ. ಒಂದು ವೆಬ್‌ಸೈಟ್ ಶಾಂತ ಅಂತ ಬರೆಯಿತು, ಇನ್ನೊಂದು ಅದನ್ನೇ ಎತ್ತಿ ಹಾಕಿಕೊಂಡಿತು, ಈಗ ಎಲ್ಲಿ ಹುಡುಕಿದರೂ ಅದೇ ಸಿಗುತ್ತದೆ. ಮಗು ಸದ್ದು ಮಾಡೋದು ಒಳ್ಳೆಯದೇ, ಹೆಸರಿನ ಮೇಲೆ ನನಗೆ ಸಿಟ್ಟಿಲ್ಲ. ಹುಟ್ಟಿದ ಮಗುವಿನ ಹೆಸರಿನ ವಿಷಯದಲ್ಲಿ ಒಂದು ನಿಘಂಟು ತೆಗೆದು ನೋಡುವಷ್ಟೂ ಶ್ರಮಪಡದೆ ಲಕ್ಷಾಂತರ ತಂದೆತಾಯಿಗಳಿಗೆ ಸುಳ್ಳು ಅರ್ಥ ಕೊಡುತ್ತಿದ್ದಾರಲ್ಲ, ಅವರ ಮೇಲೆ ಸಿಟ್ಟಿದೆ. ಅದೇ ಜನ ನಿಮ್ಮಪ್ಪನ ಹೆಸರಿಗೆ ಎತ್ತುಗಳ ರಾಜ ಅಂತ ಅರ್ಥ ಬರೆದಿದ್ದಾರೆ. ಅದನ್ನು ಓದಿ ನಿಮಗೆ ನಾಚಿಕೆ ಆಯಿತು. ನನಗೆ ನೋವಾಗಿದ್ದು ಅಲ್ಲಿ.

ಬಸವ ಅನ್ನೋದು ವೃಷಭ ಅನ್ನೋ ಮಾತಿನ ತದ್ಭವ. ವನ ಬನವಾದ ಹಾಗೆ, ವಸತಿ ಬಸದಿಯಾದ ಹಾಗೆ, ವರ್ಣ ಬಣ್ಣವಾದ ಹಾಗೆ ವೃಷಭ ಕನ್ನಡದ ಬಾಯಲ್ಲಿ ಬಸವ ಆಯಿತು. ಎತ್ತು ಅನ್ನೋ ಅರ್ಥ ಇದೆ, ನಿಜ. ಅದರಲ್ಲಿ ನಾಚಿಕೆಪಡೋದು ಏನಿದೆ? ಕಾರ ಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿ, ಮೈಗೆ ಜೂಲ ಹಾಕಿ, ಎತ್ತಿಗೆ ಕೈ ಮುಗಿಯೋ ನಾಡು ನಮ್ಮದು. ಮಣ್ಣೆತ್ತಿನ ಅಮಾವಾಸ್ಯೆಗೆ ನಾವು ಮಣ್ಣಿನ ಬಸವಣ್ಣನನ್ನೇ ಜಗಲಿ ಮೇಲೆ ಕೂರಿಸಿ ಪೂಜೆ ಮಾಡುತ್ತೇವೆ. ವಿಜಯಪುರದಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನಡೆಯುವಾಗ ದನಗಳ ಜಾತ್ರೆಗೆ ಒಮ್ಮೆ ಹೋಗಿ ನೋಡಿ. ಖಿಲಾರಿ ಹೋರಿಗಳನ್ನು ರೈತರು ಮಕ್ಕಳ ಮೈ ಸವರಿದ ಹಾಗೆ ಸವರುತ್ತಾ ನಿಂತಿರುತ್ತಾರೆ. ನಿಮ್ಮ ಮುತ್ಯಾನ, ಅಂದರೆ ಅಜ್ಜನ ಕಾಲಕ್ಕೆ ಮನೆಯ ಅನ್ನ ಬಂದಿದ್ದು ಆ ಎತ್ತುಗಳ ಹೆಗಲ ಮೇಲಿಂದಲೇ.

ಇನ್ನು ರಾಜ. ಇಲ್ಲಿ ರಾಜ ಅಂದರೆ ಎತ್ತುಗಳನ್ನು ಆಳೋನು ಅಂತಲ್ಲ. ಹೆಸರಿನ ಮುಂದೆ ಗೌರವಕ್ಕೆ ರಾಜ, ಅರಸ ಅಂತ ಸೇರಿಸೋದು ಆ ಕಾಲದ ವಾಡಿಕೆ. ಬಸವಣ್ಣನವರ ತಂದೆಯನ್ನೇ ನೋಡಿ. ಅವರ ಹೆಸರು ಮಾದಿರಾಜ, ಮಾದರಸ ಅಂತಲೂ ಕರೆಯುತ್ತಾರೆ. ಅಪ್ಪ ಮಾದಿರಾಜ, ಮಗ ಬಸವರಾಜ. ಸುಮಾರು 800 ವರ್ಷ ಹಿಂದೆ ಹರಿಹರ ಕವಿ ಬಸವಣ್ಣನವರ ಕಥೆಯನ್ನು ರಗಳೆಯಲ್ಲಿ ಬರೆದಾಗ ಅದು 'ಬಸವರಾಜದೇವರ ರಗಳೆ' ಆಯಿತು. ಅಂದರೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡ ಆ ಮಹಾನುಭಾವನನ್ನು ಹಿಂದಿನವರು ಕರೆದಿದ್ದು ನಿಮ್ಮಪ್ಪನಿಗೆ ಇದ್ದ ಹೆಸರಿನಿಂದಲೇ, ಒಂದಕ್ಷರವೂ ಆಚೀಚೆ ಆಗಿಲ್ಲ.

ಕವಿ ಬರೆದದ್ದು ಅಂತ ಬಿಡೋದಾದರೆ ಕಲ್ಲಿನ ಮಾತು ಕೇಳಿ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿ ಅರ್ಜುನವಾಡ ಅಂತ ಒಂದು ಊರಿದೆ. ಅಲ್ಲಿ ಸಿಕ್ಕ ಶಾಸನ 1260ರದ್ದು, ಸೇವುಣ ಅರಸರ ಕಾಲದ್ದು. ತರ್ದವಾಡಿ ನಾಡಿನ ಬಾಗವಾಡಿಯ ಮಾದಿರಾಜನ ಮಗ ಬಸವರಾಜ ಅಂತ ಅದರಲ್ಲಿ ಕೊರೆದಿದ್ದಾರೆ. ಬಾಗವಾಡಿ ಅಂದರೆ ಇವತ್ತು ನಮ್ಮ ಜಿಲ್ಲೆಯ ಬಸವನ ಬಾಗೇವಾಡಿ. ಆತ ಬದುಕಿದ್ದ ಕಾಲಕ್ಕೂ ಆ ಕಲ್ಲಿಗೂ ನಡುವೆ ಸುಮಾರು ನೂರು ವರ್ಷದ ಅಂತರ ಅಷ್ಟೇ. ಹುಟ್ಟಿದ ಊರು ವಿಜಯಪುರ ಜಿಲ್ಲೆಯಲ್ಲಿ, ಐಕ್ಯವಾದ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿ, ಹೆಸರು ಕೊರೆದ ಕಲ್ಲು ಬೆಳಗಾವಿ ಜಿಲ್ಲೆಯಲ್ಲಿ. ಮೂರೂ ಜಿಲ್ಲೆಯ ಮಣ್ಣು ಹತ್ತಿದ ಹೆಸರು ಇದೊಂದೇ ಇರಬೇಕು. ಇದು ಹಳೇ ಹೆಸರು ಅಂತ ನಿಮಗೆ ಅನಿಸಬಹುದು. ಹಳೆಯದು ಹೌದು, ಅದೇ ಅದರ ಬೆಲೆ.

ಓಣಿಗೊಬ್ಬ ಬಸವರಾಜ ಸಿಗುತ್ತಾನೆ ಅಂತ ಬರೆದಿದ್ದೀರಿ. ಲಿಂಗಾಯತರ ಮನೆಗಳಲ್ಲಿ ಈ ಹೆಸರು ಜಾಸ್ತಿ, ಅದು ಗೊತ್ತಿದ್ದದ್ದೇ. ಆದರೆ ಅವರೊಬ್ಬರದ್ದೇ ಅಲ್ಲ. ಕುರುಬರಲ್ಲಿ, ದಲಿತರಲ್ಲಿ, ಬೇರೆ ಬೇರೆ ಕಸುಬಿನ ಮನೆಗಳಲ್ಲಿ ಎಲ್ಲ ಕಡೆ ಬಸಪ್ಪ ಇದ್ದಾನೆ, ಬಸವ್ವ ಇದ್ದಾಳೆ. ಇನ್ನು ಅದರ ಮರಿಮಕ್ಕಳು ಎಷ್ಟು ನೋಡಿ: ಬಸಯ್ಯ, ಬಸಣ್ಣ, ಬಸವಂತ, ಬಸನಗೌಡ, ಬಸಗೊಂಡ, ಬಸಲಿಂಗಪ್ಪ, ಬಸಲಿಂಗವ್ವ, ಚನ್ನಬಸಪ್ಪ, ಗುರುಬಸಪ್ಪ, ಸಂಗನಬಸಪ್ಪ. ಮೈಸೂರು ಕಡೆ ಹೋದರೆ ಬಸವರಾಜು. ಒಂದು ಹೆಸರು ಇಷ್ಟು ಕವಲೊಡೆಯಬೇಕಾದರೆ ಜನ ಅದನ್ನು ಎಷ್ಟು ಪ್ರೀತಿಯಿಂದ ಬಾಯಲ್ಲಿ ಇಟ್ಟುಕೊಂಡಿರಬೇಕು!

ನಾನು ಓದಿದ ಹಳ್ಳಿ ಶಾಲೆಯ ಒಂದೇ ವರ್ಗದಲ್ಲಿ ನಾಲ್ವರು ಬಸವರಾಜರಿದ್ದರು. ಮಾಸ್ತರರು ಹಾಜರಿ ಕರೆಯುವಾಗ ಅಡ್ಡಹೆಸರು ಸೇರಿಸಿ ಕರೆಯುತ್ತಿದ್ದರು. ನಮಗೆ ಮಾತ್ರ ಒಬ್ಬ ಅಂಗಡಿ ಬಸ್ಯಾ, ಒಬ್ಬ ಬಡಿಗೇರ ಬಸು, ಒಬ್ಬ ಉದ್ದನ ಬಸ್ಯಾ, ಇನ್ನೊಬ್ಬ ಸುಮ್ನೆ ರಾಜು. ಯಾರೂ ಯಾರೊಂದಿಗೂ ಕಲಸಿಹೋಗಲಿಲ್ಲ, ಯಾರಿಗೂ ತನ್ನ ಹೆಸರು ಇನ್ನೊಬ್ಬ ಕಸಿದುಕೊಂಡ ಅಂತ ಅನಿಸಲಿಲ್ಲ. ಬೆಂಗಳೂರಿನ ಗೆಳೆಯರೊಬ್ಬರು ಹೇಳುತ್ತಿದ್ದರು, ಅವರ ಮೊಮ್ಮಗಳ ತರಗತಿಯಲ್ಲಿ ಈಗ ಆರವ್‌ಗಳೇ ಮೂರು ಜನ. ಅವರಿಗೆ ಅಡ್ಡಹೆಸರೂ ಇಲ್ಲ, ಟೀಚರ್ ಆರವ್ ಎ, ಆರವ್ ಬಿ, ಆರವ್ ಸಿ ಅಂತ ಕರೆಯುತ್ತಾರಂತೆ. ಎಲ್ಲರಿಗೂ ಇರೋ ಹೆಸರು ಬೇಡ ಅಂತ ಓಡಿ ಹೋದರೆ ಸಿಗೋದು ಇದೇ.

ಮಕ್ಕಳು ನಗುತ್ತಾರಾ ಅಂತ ಕೇಳಿದಿರಿ. ಮಕ್ಕಳು ಎರಡು ದಿನ ಯಾವ ಹೆಸರಿಗೂ ನಗುತ್ತಾರೆ, ಮೂರನೇ ದಿನ ಆ ಹೆಸರಿನ ಹುಡುಗನ ಜೊತೆ ಆಟಕ್ಕೆ ಹೋಗುತ್ತಾರೆ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, ದೇಶದ ಉಪರಾಷ್ಟ್ರಪತಿಯಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದರು. ದಿಲ್ಲಿಯಲ್ಲಿ ಬಸಪ್ಪ ಅನ್ನೋ ಹೆಸರು ಅವರಿಗೆ ಅಡ್ಡ ಬರಲಿಲ್ಲ. ಬಸವರಾಜ ರಾಜಗುರು ಹಾಡಲು ಕೂತರೆ ಮಹಾರಾಷ್ಟ್ರದ ರಸಿಕರೂ ಅದೇ ಹೆಸರು ಹೇಳಿ ವಾಹ್ ಅನ್ನುತ್ತಿದ್ದರು. ಕಾದಂಬರಿಕಾರ ಬಸವರಾಜ ಕಟ್ಟೀಮನಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯವರು. ಇವರ್ಯಾರೂ ಹೆಸರು ಬದಲಾಯಿಸಿಕೊಂಡು ದೊಡ್ಡವರಾಗಲಿಲ್ಲ.

ನಿಮ್ಮ ಅವ್ವನ ವಿಷಯಕ್ಕೆ ಬರುತ್ತೇನೆ. ಅದನ್ನು ನೀವು ಹಠ ಅಂತ ಬರೆದಿದ್ದೀರಿ. ಸ್ವಲ್ಪ ಯೋಚನೆ ಮಾಡಿ. ನಮ್ಮ ಕಡೆ ಆ ವಯಸ್ಸಿನ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಿಬಿಟ್ಟು ಹೇಳೋದಿಲ್ಲ. ಮದುವೆ ಮನೆಯಲ್ಲೋ ಸೀಮಂತದಲ್ಲೋ ಎಲ್ಲರೂ ಬಲವಂತ ಮಾಡಿದಾಗ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ, ಸೆರಗು ಬಾಯಿಗೆ ಹಿಡಿದು ಹೇಳಿರುತ್ತಾರೆ ಅಷ್ಟೇ. ಅಂಥ ತಾಯಿ ಗಂಡ ಹೋದ ಮೇಲೆ ಆ ಹೆಸರು ಮನೆಯಲ್ಲಿ ಮತ್ತೆ ಕೇಳಲಿ ಅಂತ ಬಯಸುತ್ತಿದ್ದಾಳೆ. ಆಕೆ ಮೊಮ್ಮಗನನ್ನೂ ಬಸವರಾಜ ಅಂತ ಕರೆಯಲಾರಳು. ನಮ್ಮ ಮುತ್ಯಾ ಅಂತಲೋ, ಯಪ್ಪಾ ಅಂತಲೋ ಕರೆಯುತ್ತಾಳೆ. ನಮ್ಮ ಮನೆಯಲ್ಲೂ ಹಾಗೇ. ಅಜ್ಜನ ಹೆಸರಿಟ್ಟ ನನ್ನ ತಮ್ಮನನ್ನು ನಮ್ಮ ಆಯಿ, ಅಂದರೆ ಅಜ್ಜಿ, ಕಡೇತನಕ ಮುತ್ಯಾ ಅಂತಲೇ ಕರೆದಳು, ಅವನಿಗೆ ಬೈಯೋದಕ್ಕೂ ಆಕೆಗೆ ಬಾಯಿ ಬರುತ್ತಿರಲಿಲ್ಲ. ಆಕೆಗೆ ಬೇಕಾಗಿದ್ದು ಹೆಸರು ಮನೆಯಲ್ಲಿ ಉಳಿಯೋದು. ನಿಮ್ಮ ಅವ್ವನಿಗೂ ಬೇಕಾಗಿರೋದು ಅದೇ ಅಂತ ನನ್ನ ನಂಬಿಕೆ.

ಈ ಮಾತು ನಿಮಗೊಬ್ಬರಿಗೆ ಅಂತ ಬರೆಯುತ್ತಿಲ್ಲ. ಕೆಲವು ವರ್ಷಗಳಿಂದ ನಮ್ಮ ಪತ್ರಿಕೆಗೆ ಬರೋ ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ನೋಡುತ್ತಾ ನನಗೆ ಒಂದು ಸಂಕಟ ಇದೆ. ಮೊದಲು ಮಗುವಿನ ಹೆಸರು ಕೇಳಿದರೆ ಆ ಮನೆ ಯಾವ ಜಾತ್ರೆಗೆ ಹೋಗುತ್ತದೆ ಅಂತ ಗೊತ್ತಾಗುತ್ತಿತ್ತು. ಯಲ್ಲಪ್ಪ, ಯಲ್ಲವ್ವ ಅಂದರೆ ಸವದತ್ತಿ ಗುಡ್ಡ. ಶಂಕ್ರವ್ವ ಅಂದರೆ ಬಾದಾಮಿ ಬನಶಂಕರಿ. ಸಂಗಪ್ಪ, ಸಂಗಮೇಶ ಅಂದರೆ ಕೂಡಲಸಂಗಮ. ಹುಟ್ಟಿದ ಮಕ್ಕಳು ಉಳಿಯದಿದ್ದರೆ ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ ಅಂತ ಇಡುತ್ತಿದ್ದರು, ದೇವರ ಕಣ್ಣಿಗೂ ಬೀಳದೆ ಮಗು ಬದುಕಲಿ ಅಂತ. ಆ ಹೆಸರಲ್ಲಿ ಒಬ್ಬ ತಾಯಿಯ ಭಯ ಇದೆ. ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಹಿಂದೂ ಮನೆ ಮಗುವಿಗೆ ಲಾಲಸಾಬ ಅಂತಲೋ ಹುಸೇನಪ್ಪ ಅಂತಲೋ ಇಡುತ್ತಿದ್ದರು. ಊರೂರು ಅಲೆದು ತಾಳೆಗರಿ ಹುಡುಕಿ, ಇದೇ ವಿಜಯಪುರದಲ್ಲಿ ಅಚ್ಚುಕೂಟ ಹಾಕಿ ಬಸವಣ್ಣನವರ ವಚನಗಳನ್ನು ನಮಗೆ ಉಳಿಸಿಕೊಟ್ಟವರ ಹೆಸರು ಏನು ಗೊತ್ತಾ? ಫಕೀರಪ್ಪ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಆ ಒಂದು ಹೆಸರಲ್ಲಿ ಫಕೀರನೂ ಇದ್ದಾನೆ, ಬಸವನೂ ಇದ್ದಾನೆ. ಇಂಥ ಹೆಸರು ಇವತ್ತು ಇಡೋ ಧೈರ್ಯ ಯಾರಿಗಿದೆ?

2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯಿತು, ಬೆಳಗಾಂ ಬೆಳಗಾವಿ ಆಯಿತು. ಊರಿನ ಹೆಸರು ನಮ್ಮ ಬಾಯಲ್ಲಿ ಇದ್ದ ಹಾಗೆ ಇರಬೇಕು ಅಂತ ನಾವೇ ಕೇಳಿ ಪಡೆದೆವು. ಮನೆಯ ಮಕ್ಕಳ ಹೆಸರಿಗೆ ಬಂದರೆ ನಾವೇ ಬಿಟ್ಟುಕೊಡುತ್ತಿದ್ದೇವೆ. 2015ರಲ್ಲಿ ಲಂಡನ್ನಿನ ಥೇಮ್ಸ್ ನದಿ ದಡದಲ್ಲಿ ಬಸವಣ್ಣನವರ ಪ್ರತಿಮೆ ಬಂತು. 2024ರಲ್ಲಿ ರಾಜ್ಯ ಸರಕಾರ ಅವರನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು, ಕಚೇರಿಗಳಲ್ಲಿ ಫೋಟೊ ಬಂತು. ಎಲ್ಲ ಸಂತೋಷವೇ. ಗೋಡೆ ಮೇಲೆ ಬಸವಣ್ಣ ಇದ್ದು ತೊಟ್ಟಿಲಲ್ಲಿ ಬಸವರಾಜ ಬೇಡ ಅಂದರೆ ಆ ಸಂತೋಷ ನನಗೆ ಅರ್ಧವೇ ಆಗುತ್ತದೆ.

ಕಚೇರಿಗಳ ಕಾಟ ಬೇರೆ. ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಒಂದು ದಾಖಲೆಯಲ್ಲಿ ಬಸವರಾಜ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ವಿ ಅಕ್ಷರ ಹಾಕಿದ್ದಾರೆ, ಇನ್ನೊಂದರಲ್ಲಿ ಡಬ್ಲ್ಯೂ. ಎರಡೂ ಒಬ್ಬರೇ ಅಂತ ತೋರಿಸಲು ಎಪ್ಪತ್ತರ ವಯಸ್ಸಿನಲ್ಲಿ ಅಫಿಡವಿಟ್ ಹಿಡಿದು ಅಲೆಯಬೇಕಾಯಿತು. ಕನ್ನಡದಲ್ಲಿ ಆ ಹೆಸರಿಗೆ ಎರಡು ಕಾಗುಣಿತವೇ ಇಲ್ಲ! ಕನ್ನಡದಲ್ಲಿ ಬರೆದದ್ದನ್ನೇ ಮೂಲ ಅಂತ ಹಿಡಿದಿದ್ದರೆ ಆ ಅಲೆದಾಟ ಇರುತ್ತಿರಲಿಲ್ಲ.

ಈಗ ನೀವು ಮಾಡಬೇಕಾದ್ದು. ಜನನ ನೋಂದಣಿ ಮಾಡಿಸುವಾಗ ಹೆಸರು ಬರೆಸಿಲ್ಲ ಅಂದರೆ ಗಾಬರಿ ಬೇಡ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ, ನಿಮಗೆ ಸಾಕಷ್ಟು ಸಮಯ ಇದೆ. ಹೆಂಡತಿಯನ್ನು ಕರೆದುಕೊಂಡು ಊರಿಗೆ ಬನ್ನಿ. ತೊಟ್ಟಿಲ ಕಾರ್ಯ ಊರಲ್ಲೇ ಇಟ್ಟುಕೊಳ್ಳಿ, ಸೋದರತ್ತೆಯೇ ಮಗುವಿನ ಕಿವಿಯಲ್ಲಿ ಹೆಸರು ಹೇಳಲಿ. ದಾಖಲೆಗೆ ಬಸವರಾಜ ಬರೆಸಿ. ಮನೆಯಲ್ಲಿ ಕರೆಯೋದಕ್ಕೆ ಆರವ್ ಇರಲಿ, ತಾಯಿಯ ಆಸೆಯೂ ಉಳಿಯುತ್ತದೆ. ಅದಕ್ಕೂ ಮೊದಲು ನಿಮ್ಮ ಮನೆಯವರಿಗೆ ಈ ಉತ್ತರ ಓದಿಸಿ, ಬಸವನ ಬಾಗೇವಾಡಿ ತೋರಿಸಿ, ಆಮೇಲೆ ಅವರ ಅಭಿಪ್ರಾಯ ಕೇಳಿ. ಅವರು ಒಪ್ಪದೆ ಇಟ್ಟ ಹೆಸರು ನನಗೂ ಬೇಡ. ಬಸವರಾಜ ಅಂತ ಗೊತ್ತು ಮಾಡಿದರೆ ಇಂಗ್ಲಿಷ್ ಅಕ್ಷರ ಮೊದಲ ದಿನವೇ ಒಂದು ಕಾಗದದ ಮೇಲೆ ಬರೆದಿಟ್ಟು ಜನನ ಪತ್ರ, ಆಧಾರ್, ಶಾಲೆಯ ದಾಖಲೆ ಎಲ್ಲದರಲ್ಲೂ ಅದನ್ನೇ ಹಾಕಿಸಿ. ಏನಾಯಿತು ಅಂತ ಪತ್ರ ಬರೆಯಿರಿ, ಈ ಸಲ ಮಗುವಿನ ಹೆಸರು ಹಾಕಲು ಅನುಮತಿ ಕೊಡಿ.

– ಸಂಪಾದಕ