ಗುಟ್ಟು ಮಾಡಿದರೆ ಕೆಲಸ ಉಳಿಯುತ್ತಾ?

ಪತ್ರ: ಹತ್ತು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಡೆವಲಪರ್ ಆಗಿದ್ದೇನೆ. ಮನೆ ಸಾಲ ಇದೆ. ಲೇಆಫ್ ಸುದ್ದಿ ಕೇಳಿ ಕೇಳಿ ನಿದ್ದೆ ಬರುತ್ತಿಲ್ಲ. "ಏನನ್ನೂ ಬರೆದಿಡಬೇಡ, ನಿನ್ನ ಕೋಡ್ ನಿನಗೆ ಮಾತ್ರ ಅರ್ಥ ಆಗೋ ಹಾಗಿರಲಿ, ಆಗ ಯಾರೂ ನಿನ್ನನ್ನು ತೆಗೆಯಲ್ಲ" ಎನ್ನುತ್ತಾರೆ ನಮ್ಮ ಸೀನಿಯರ್ ಒಬ್ಬರು. ಅವರು ಹೇಳೋದು ಸರಿಯಾ? – ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ನಿಮ್ಮ ಭಯ ಸುಳ್ಳಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಕಂಪನಿಯೇ ಶೇ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೆಚ್ಚಿನ ಪೆಟ್ಟು ಬಿದ್ದದ್ದು ನಿಮ್ಮ ಹಾಗೆ ಅನುಭವ ಇರುವ ಮಧ್ಯಮ ಮತ್ತು ಹಿರಿಯ ಹಂತದವರಿಗೆ. ನಿದ್ದೆ ಕೆಡುವುದು ಸಹಜ.

ನಿಮ್ಮ ಸೀನಿಯರ್ ಮಾತಿನಲ್ಲೂ ಒಂದಿಷ್ಟು ಸತ್ಯ ಇದೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸ ಕಳೆದುಕೊಂಡವರ ಅರ್ಜಿಗಳು ಒಂದೇ ಸಲ ಬಂದು ಬಿದ್ದವು. ಅವನ್ನು ನೋಡಿಕೊಳ್ಳುವ ಹಳೇ ಕಂಪ್ಯೂಟರ್‌ಗಳಿಗಾಗಿ, ಕೋಬಾಲ್ ಎಂಬ ಹಳೇ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ನೆರವಿಗೆ ಬನ್ನಿ ಎಂದು ರಾಜ್ಯಪಾಲರೇ ಕೇಳಿಕೊಂಡರು. ಹತ್ತು ಜನಕ್ಕೆ ಗೊತ್ತಿಲ್ಲದ್ದು ಗೊತ್ತಿದ್ದರೆ ಬೆಲೆ ಇದೆ, ಒಪ್ಪೋಣ. ಆದರೆ ಕೋಬಾಲ್ ಯಾರೋ ಬಚ್ಚಿಟ್ಟ ವಿದ್ಯೆ ಅಲ್ಲ. 1960ರ ಸುಮಾರಿನಿಂದಲೂ ಎಲ್ಲರೆದುರಿಗೇ ಇದೆ. ಕಲಿಯುವವರು ಕಡಿಮೆಯಾದರು, ಅಷ್ಟೆ.

ಬಚ್ಚಿಡುವುದು ಬೇರೆ ವಿಷಯ. ನಮ್ಮೂರುಗಳ ನಾಟಿ ವೈದ್ಯರು ಕೆಲವರು, ಹೇಳಿಕೊಟ್ಟರೆ ಮದ್ದಿನ ಗುಣ ಹೋಗುತ್ತದೆ ಎಂದು ಮಕ್ಕಳಿಗೂ ಬಾಯಿ ಬಿಡದೆ ತೀರಿಕೊಂಡರು. ಅವರೂ ಹೋದರು, ಮದ್ದೂ ಹೋಯಿತು. ನನ್ನ ಪರಿಚಯದವರೊಬ್ಬರು ಒಂದು ಕಂಪನಿಯ ಬಿಲ್ಲಿಂಗ್ ಕೋಡನ್ನು ಹೀಗೇ ಕಾಪಾಡಿಕೊಂಡಿದ್ದರು. ಎಲ್ಲೂ ಒಂದು ಸಾಲು ವಿವರಣೆ ಇಲ್ಲ. ತಂಗಿಯ ಮದುವೆ ಛತ್ರದಲ್ಲೂ ಲ್ಯಾಪ್‌ಟಾಪ್ ತೊಡೆಯ ಮೇಲೆ. ಬಡ್ತಿ ಕೇಳಿದರೆ, "ನಿಮ್ಮನ್ನು ಅಲ್ಲಿಂದ ಕದಲಿಸೋಕೆ ಆಗಲ್ಲ" ಎಂಬ ಉತ್ತರ. ಕೊನೆಗೊಂದು ದಿನ ಕಂಪನಿಯವರು ಇಡೀ ಬಿಲ್ಲಿಂಗನ್ನೇ ಕಿತ್ತುಹಾಕಿ ಹೊರಗಿನಿಂದ ಸಿದ್ಧ ಸಾಫ್ಟ್‌ವೇರ್ ತಂದರು. ಯಾರಿಗೂ ಅರ್ಥವಾಗದ ಕೋಡನ್ನು ರಿಪೇರಿ ಮಾಡುವುದಕ್ಕಿಂತ ಎಸೆಯುವುದೇ ಸುಲಭ ಅಲ್ವಾ?

ನೈಟ್ ಕ್ಯಾಪಿಟಲ್ ಕಥೆಯನ್ನು ನೀವು ಓದಿರಲೇಬೇಕು. ಓದಿಲ್ಲದಿದ್ದರೆ ಇವತ್ತೇ ಓದಿ. ಅಮೆರಿಕದ ಷೇರು ವಹಿವಾಟಿನ ದೊಡ್ಡ ಕಂಪನಿ. 2012ರ ಆಗಸ್ಟ್ 1ರಂದು ಹೊಸ ಕೋಡ್ ಚಾಲೂ ಆಗಬೇಕಿತ್ತು. ಅದನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು, ಏಳಕ್ಕೆ ಮಾತ್ರ ಹೋಗಿತ್ತು. ಎಂಟನೆಯದರಲ್ಲಿ ವರ್ಷಗಳ ಹಿಂದೆಯೇ ಬಳಕೆ ಬಿಟ್ಟಿದ್ದ ಹಳೇ ಕೋಡ್ ಮಲಗಿತ್ತು. ಹೊಸ ಕೋಡನ್ನು ಚಾಲೂ ಮಾಡಲು ಹಳೇ ಕೋಡಿನ ಗುರುತನ್ನೇ ಮರುಬಳಕೆ ಮಾಡಿದ್ದರಿಂದ ಆ ಹಳೇ ಕೋಡ್ ಎದ್ದು ಕೂತಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಜಾಸ್ತಿ ನಷ್ಟ. ಆಮೇಲಿನ ತನಿಖೆಯಲ್ಲಿ ಒಂದು ಮಾತು ಬಂತು: ಹಾಕಿದ ಕೋಡನ್ನು ಇನ್ನೊಬ್ಬರು ಪರೀಕ್ಷಿಸಬೇಕು ಎನ್ನುವ ಲಿಖಿತ ಕ್ರಮವೇ ಅಲ್ಲಿ ಇರಲಿಲ್ಲ. ಮರುವರ್ಷ ಕಂಪನಿ ಇನ್ನೊಂದರೊಳಗೆ ಸೇರಿಹೋಯಿತು. ಅಲ್ಲಿದ್ದ ಜಾಣರ ತಲೆಯೊಳಗಿನ ಗುಟ್ಟುಗಳು ಯಾರನ್ನು ಕಾಪಾಡಿದವು?

ಈಗ ನನಗೆ ಇಷ್ಟವಾದ ಉದಾಹರಣೆಗೆ ಬರುತ್ತೇನೆ. ಮೈಸೂರಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪ್ರತಿ ಶುಕ್ರವಾರ ಸಂಜೆ ಒಂದು ಫೈಲಿನಲ್ಲಿ ಆ ವಾರದ ತೀರ್ಮಾನಗಳನ್ನು ಬರೆಯುತ್ತಾಳೆ. ಏನು ಮಾಡಿದೆವು ಅಂತಲ್ಲ, ಯಾಕೆ ಮಾಡಿದೆವು ಅಂತ. ನಾನು ನೋಡಿದ ಒಂದು ಟಿಪ್ಪಣಿ ಇಷ್ಟೇ: "ತೆರಿಗೆಯನ್ನು ಪ್ರತಿ ಸಾಲಿಗೂ ರೌಂಡ್ ಮಾಡಬೇಡಿ. ಮಾಡಿದರೆ ಗ್ರಾಹಕರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಪೈಸೆಗಳ ವ್ಯತ್ಯಾಸ ಬರುತ್ತದೆ. ಒಂದು ಸಲ ಮಾಡಿ ನೋಡಿ ಬಿಟ್ಟಿದ್ದೇವೆ." ಕೋಡನ್ನು ಈಗ ಎಐ ಕೂಡ ಬರೆಯುತ್ತದೆ. ಆದರೆ ಆ ಕೊನೆಯ ಸಾಲು ಕೋಡಿನೊಳಗೆ ಎಲ್ಲೂ ಇರುವುದಿಲ್ಲ. ಅವಳ ತಂಡವನ್ನು ಕಂಪನಿ ಮುಚ್ಚಿತು. ಹೌದು, ಬರೆದಿಟ್ಟವರನ್ನೂ ತೆಗೆಯುತ್ತಾರೆ. ಆದರೆ ಅವಳ ಟಿಪ್ಪಣಿ ಓದಿ ಕೆಲಸ ಕಲಿತ ಹುಡುಗನೊಬ್ಬ ಅಷ್ಟರಲ್ಲಿ ಬೇರೆ ಕಡೆ ಸೇರಿದ್ದ. ಅವನೇ ಕರೆದು ಅಲ್ಲಿ ಕೆಲಸ ಕೊಡಿಸಿದ.

ಇಂಗ್ಲಿಷ್ ಚೆನ್ನಾಗಿಲ್ಲ, ಬರೆಯೋಕೆ ಸಂಕೋಚ ಅಂತ ನೆಪ ಹೇಳಬೇಡಿ. ನಾಲ್ಕು ಸಾಲಿನಲ್ಲಿ ಇಷ್ಟು ಸ್ಪಷ್ಟವಾಗಿ ಪತ್ರ ಬರೆದಿದ್ದೀರಿ. ಹಾಗೇ ಸಣ್ಣ ವಾಕ್ಯಗಳಲ್ಲಿ ಬರೆದರೆ ಯಾವ ಭಾಷೆಯಲ್ಲಾದರೂ ನಡೆಯುತ್ತದೆ. ನಿಮ್ಮ ಸಂಕೋಚಕ್ಕೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳೂ ಕಾರಣ. ಪ್ರೋಗ್ರಾಂ ಬರೆಸುತ್ತಾರೆ, ಯಾಕೆ ಹಾಗೆ ಬರೆದೆ ಎಂದು ಕೇಳುವುದೇ ಇಲ್ಲ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ. ನೌಕರ ಎಲ್ಲವನ್ನೂ ಬರೆದಿಡಬೇಕು, ಆದರೆ ಕಂಪನಿ? ಕೆಲಸದ ಷರತ್ತುಗಳನ್ನು, ತೆಗೆದುಹಾಕುವ ಕ್ರಮವನ್ನು ಮಾಲೀಕರು ಬರೆದು ತೋರಿಸಬೇಕು ಎಂದು 1946ರಲ್ಲೇ ಸ್ಥಾಯಿ ಆದೇಶಗಳ ಕಾಯ್ದೆ ಬಂತು. ಐಟಿ ಕಂಪನಿಗಳಿಗೆ ನಮ್ಮ ರಾಜ್ಯ ಸರ್ಕಾರ ಮತ್ತೆ ಮತ್ತೆ ಅದರಿಂದ ವಿನಾಯಿತಿ ಕೊಟ್ಟಿತು. 2024ರಲ್ಲಿ ಇನ್ನೂ 5 ವರ್ಷ ವಿಸ್ತರಿಸಿತು. ಐಟಿ ನೌಕರರ ಸಂಘ ಕಿಟು ಇದನ್ನು ವಿರೋಧಿಸಿದಾಗ ಜೊತೆಗೆ ನಿಂತವರು ಎಷ್ಟು ಜನ? ನೀವು ನಿಂತಿದ್ದಿರಾ? 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಹಳೇ ಕಾಯ್ದೆ ಅವುಗಳೊಳಗೆ ಸೇರಿದೆ. ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕಡ್ಡಾಯ ಎಂದು ಅವು ಹೇಳುತ್ತವೆ. ಒಳ್ಳೆಯದೇ. ಆದರೆ ಕೈಗೆ ಬಂದ ಪತ್ರವನ್ನು ಓದುವವರು ಬೇಕಲ್ಲ.

ಹಾಗಾಗಿ ಈ ಶುಕ್ರವಾರ ಎರಡು ಕೆಲಸ ಮಾಡಿ. ನಿಮ್ಮ ಮಾಡ್ಯೂಲಿನಲ್ಲಿ ನಿಮಗೊಬ್ಬರಿಗೇ ಗೊತ್ತಿರುವ ಒಂದು ಕಾರಣವನ್ನು ಬರೆದು ತಂಡದವರಿಗೆ ಕಳಿಸಿ. ಆಮೇಲೆ ನಿಮ್ಮ ನೇಮಕಾತಿ ಪತ್ರ ತೆಗೆದು, ನೋಟಿಸ್ ಅವಧಿ ನಿಮಗೂ ಕಂಪನಿಗೂ ಒಂದೇ ಇದೆಯಾ ನೋಡಿ. ಸೀನಿಯರ್ ಹತ್ತಿರವೂ ಅವರ ಪತ್ರ ತೆಗೆಸಿ. ಏನು ಸಿಕ್ಕಿತು ಅಂತ ನಮಗೆ ಬರೆಯಿರಿ. ಹೆಸರು ಹಾಕದೆ ಪ್ರಕಟಿಸುತ್ತೇವೆ.