ಸಲಾಜಾರನ ಕಾಲದ ಗೋವಾದಲ್ಲಿ ನಿಜವಾಗಿಯೂ ಶಿಸ್ತಿತ್ತೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಮಡಗಾಂವಿಗೆ ಹೊಸದಾಗಿ ಕೆಲಸಕ್ಕೆ ಬಂದಿರುವ ನಿಮಗೆ ಸಹೋದ್ಯೋಗಿಯೊಬ್ಬರು, ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರನ ಕಾಲದಲ್ಲಿ ಗೋವಾದಲ್ಲಿ ಕಳ್ಳತನವಿರಲಿಲ್ಲ, ಮನೆಗೆ ಬೀಗ ಹಾಕಬೇಕಿರಲಿಲ್ಲ, ಅಂಥ ಗಟ್ಟಿಗನೊಬ್ಬ ಈಗ ನಮ್ಮ ದೇಶಕ್ಕೂ ಬೇಕು ಎನ್ನುತ್ತಾರೆ. ಯುರೋಪಿನ ರಾಜಕಾರಣಿಗಳೇ ಮಹಾಯುದ್ಧದ ಕಾಲದ ಚರಿತ್ರೆಯನ್ನು ಬೇರೆ ರೀತಿಯಲ್ಲಿ ಹೇಳತೊಡಗಿದ್ದಾರೆ ಎಂದೂ ಸೇರಿಸುತ್ತಾರೆ. ಇದರಲ್ಲಿ ನಿಜವೆಷ್ಟು, ಓದು ಬಲ್ಲವರೂ ಇದಕ್ಕೆ ಏಕೆ ಮರುಳಾಗುತ್ತಾರೆ ಎಂದು ಕೇಳಿದ್ದೀರಿ.

ನಾನು ಮೂಲತಃ ಗದಗ ಕಡೆಯವನು, ಬಹುಕಾಲದಿಂದ ವಾಸ್ಕೋದಲ್ಲಿ ಬಂದರಿಗೆ ಸಂಬಂಧಪಟ್ಟ ಕೆಲಸದಲ್ಲಿದ್ದೇನೆ. ಈ ಮಾತನ್ನು ಇಲ್ಲಿನ ಹಿರಿಯರಿಂದ ಕೇಳಿದ್ದೇನೆ, ನಮ್ಮ ಕನ್ನಡದ ಹುಡುಗರ ಬಾಯಲ್ಲೂ ಕೇಳಿದ್ದೇನೆ. ಹಿರಿಯರು ಸುಳ್ಳು ಹೇಳುತ್ತಿದ್ದಾರೆಂದು ನಾನು ಎಂದೂ ಭಾವಿಸಿಲ್ಲ. ಅವರ ಬಾಲ್ಯದ ಊರು ಚಿಕ್ಕದಿತ್ತು, ಒಬ್ಬರಿಗೊಬ್ಬರು ಪರಿಚಿತರಿದ್ದರು, ಬಾಗಿಲು ತೆರೆದೇ ಇದ್ದಿರಬಹುದು. ಆದರೆ ಅಂದು ಎಲ್ಲವೂ ಸರಿಯಾಗಿತ್ತು ಎಂಬ ನೆನಪು ಬಹುಮಟ್ಟಿಗೆ ಸೆನ್ಸಾರಿನ ಸೃಷ್ಟಿ ಎಂಬುದು ನನ್ನ ಅಭಿಪ್ರಾಯ. ಏನು ಕೆಟ್ಟಿದೆ ಎಂದು ಬರೆಯಲು ಯಾರಿಗೂ ಅವಕಾಶವಿಲ್ಲದ ಕಡೆ ಕೆಟ್ಟದ್ದರ ದಾಖಲೆ ಉಳಿಯುವುದಿಲ್ಲ, ಆ ದಾಖಲೆಯಿಲ್ಲದಿರುವುದನ್ನೇ ನಾವು ಒಳ್ಳೆಯ ಆಡಳಿತಕ್ಕೆ ಸಾಕ್ಷಿ ಎಂದುಕೊಳ್ಳುತ್ತಿದ್ದೇವೆ.

ಆ ಸೆನ್ಸಾರು ಎಷ್ಟು ಆಳಕ್ಕಿಳಿದಿತ್ತೆಂದರೆ, ಅಂದಿನ ಗೋವಾದಲ್ಲಿ ಮದುವೆಯ ಆಮಂತ್ರಣ ಪತ್ರಿಕೆಯನ್ನು ಸಹ ಅಚ್ಚಿಗೆ ಮೊದಲು ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಮಗಳ ಮದುವೆ ಗೊತ್ತುಮಾಡಿದ ತಂದೆ, ಮುಹೂರ್ತದ ದಿನಾಂಕವನ್ನೂ ಬೀಗರ ಹೆಸರನ್ನೂ ಬರೆದ ಕಾಗದ ಹಿಡಿದು ಸರ್ಕಾರಿ ಕಚೇರಿಯ ಮುಂದೆ ನಿಲ್ಲುವುದನ್ನು ಒಮ್ಮೆ ಊಹಿಸಿಕೊಳ್ಳಿ. ಲಗ್ನಪತ್ರಿಕೆಗೇ ಈ ಕಾವಲು ಇದ್ದ ಊರಿನಲ್ಲಿ ಪೊಲೀಸ್ ಠಾಣೆಯ ಏಟಿನ ಸುದ್ದಿಯನ್ನು ಯಾವ ಪತ್ರಿಕೆ ಅಚ್ಚು ಹಾಕಿರಲು ಸಾಧ್ಯ? 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಅವರು ನಿಮ್ಮದೇ ಮಡಗಾಂವಿನಲ್ಲಿ ಬಂಧನಕ್ಕೊಳಗಾದದ್ದು ಸಾರ್ವಜನಿಕ ಸಭೆಯಲ್ಲಿ ಮಾತನಾಡಲು ಹೊರಟದ್ದಕ್ಕೆ, ಅಷ್ಟೇ. ಅದೇ ವರ್ಷ ಗೋವಾದವರೇ ಆದ ಸ್ವಾತಂತ್ರ್ಯ ಹೋರಾಟಗಾರ ತ್ರಿಸ್ತಾಂವ್ ಬ್ರಗಾಂಜಾ ಕುನ್ಹಾ ಅವರನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ, ಎಂಟು ವರ್ಷಗಳ ಶಿಕ್ಷೆ ಕೊಟ್ಟು, ಪೋರ್ಚುಗಲ್ಲಿನ ಪೆನೀಶ್ ಕೋಟೆಯ ಸೆರೆಮನೆಗೆ ಸಾಗಿಸಿದರು. 1955ರಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳಲ್ಲಿ ಸಮಾಜವಾದಿ ಮಧು ಲಿಮಯೆ ಇದ್ದರು, ನಮ್ಮ ನರಗುಂದದ ಜನಸಂಘದ ನಾಯಕ ಜಗನ್ನಾಥರಾವ್ ಜೋಶಿ ಇದ್ದರು. ಊರಲ್ಲಿದ್ದಾಗ ಒಂದೇ ವೇದಿಕೆ ಹತ್ತದ ಈ ಇಬ್ಬರೂ ಸಲಾಜಾರನ ಸೆರೆಯಲ್ಲಿ ಸರಿಸಮಾನರಾದರು. ನಿಮ್ಮ ಸಹೋದ್ಯೋಗಿ ಯಾವ ಪಕ್ಷದವರೇ ಆಗಿರಲಿ, ಅವರ ಪಕ್ಷದವರೂ ಅಲ್ಲಿ ಇದ್ದರು ಎಂದು ತಿಳಿಸಿ.

ಐವತ್ತರ ದಶಕದ ಸಮೃದ್ಧಿಯ ಮಾತೂ ಬರುತ್ತದೆ. ಯುದ್ಧಾನಂತರ ಜಪಾನಿಗೂ ಪಶ್ಚಿಮ ಜರ್ಮನಿಗೂ ಕಬ್ಬಿಣದ ಅದಿರು ಬೇಕಾಗಿತ್ತು, ಅದಿರು ಗೋವಾದ ನೆಲದಲ್ಲಿತ್ತು. ಆ ಹಣ ಬಂದದ್ದು ಮಾರುಕಟ್ಟೆಯಿಂದ. ಅಷ್ಟು ಹಣ ಹರಿದಾಡಿದ ಮೇಲೂ ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡಾಗ ಇಲ್ಲಿನ ಸಾಕ್ಷರತೆ ಸುಮಾರು ಶೇ. 31 ಇತ್ತು. ಸ್ವತಃ ಪೋರ್ಚುಗಲ್ಲಿನಲ್ಲಿ 1970ರಲ್ಲಿಯೂ ಹೆಚ್ಚುಕಡಿಮೆ ಕಾಲುಭಾಗ ಜನ ಅನಕ್ಷರಸ್ಥರಾಗಿದ್ದರು.

ಈಗ ಯುದ್ಧದ ಇತಿಹಾಸಕ್ಕೆ ಬರುತ್ತೇನೆ. 2007ರಲ್ಲಿ ಪೋರ್ಚುಗಲ್ಲಿನ ಸರ್ಕಾರಿ ದೂರದರ್ಶನವು ದೇಶದ ಅತಿ ಶ್ರೇಷ್ಠ ವ್ಯಕ್ತಿ ಯಾರೆಂದು ವೀಕ್ಷಕರನ್ನು ಕೇಳಿದಾಗ ಶೇ. 41ರಷ್ಟು ಮತ ಸಲಾಜಾರನಿಗೆ ಬಿತ್ತು. ಮತ ಹಾಕಿದವರೆಲ್ಲ ಇಡೀ ದೇಶದ ಪ್ರತಿನಿಧಿಗಳಲ್ಲ ಎಂಬುದನ್ನು ಒಪ್ಪುತ್ತೇನೆ. ಅವನ ಪರವಾಗಿ ಸದಾ ಹೇಳುವ ಒಂದು ಮಾತೆಂದರೆ, ದೇಶವನ್ನು ಮಹಾಯುದ್ಧದಿಂದ ಹೊರಗಿಟ್ಟು, ಲಿಸ್ಬನ್ನಿನ ಮೂಲಕ ಸಾವಿರಾರು ಯಹೂದಿಗಳು ಪಾರಾಗಲು ಕಾರಣನಾದ ಎಂಬುದು. ತಟಸ್ಥನಾಗಿದ್ದದ್ದು ನಿಜ, ನಿರಾಶ್ರಿತರು ಲಿಸ್ಬನ್ ದಾಟಿ ಹೋದದ್ದೂ ನಿಜ. ಆದರೆ ಅದೇ ಮತದಾನದಲ್ಲಿ ಮೂರನೆಯ ಸ್ಥಾನ ಪಡೆದ ಅರಿಸ್ತಿದೆಸ್ ದ ಸೌಸಾ ಮೆಂದೆಸ್ ಎಂಬವರ ಕಥೆ ಕೇಳಿ. ಅವರು ಫ್ರಾನ್ಸಿನ ಬೋರ್ಡೋ ನಗರದಲ್ಲಿ ಪೋರ್ಚುಗಲ್ಲಿನ ಕಾನ್ಸುಲ್, ಅಂದರೆ ವೀಸಾ ಕೊಡುವ ರಾಜತಾಂತ್ರಿಕ ಅಧಿಕಾರಿ. ಯಹೂದಿಗಳಿಗೂ ದೇಶವಿಲ್ಲದವರಿಗೂ ಲಿಸ್ಬನ್ನಿನ ಒಪ್ಪಿಗೆಯಿಲ್ಲದೆ ವೀಸಾ ಕೊಡಕೂಡದೆಂದು ಸಲಾಜಾರನ ಸರ್ಕಾರ 1939ರಲ್ಲಿಯೇ ಸುತ್ತೋಲೆ ಹೊರಡಿಸಿತ್ತು. 1940ರ ಜೂನ್ ತಿಂಗಳಲ್ಲಿ ಜರ್ಮನ್ ಸೇನೆ ಹತ್ತಿರ ಬರುತ್ತಿದ್ದಾಗ ಈ ಮನುಷ್ಯ ಆ ಸುತ್ತೋಲೆಯನ್ನು ಬದಿಗಿಟ್ಟು ಸಾವಿರಾರು ಜನರಿಗೆ ವೀಸಾ ಬರೆದುಕೊಟ್ಟರು. ಅದಕ್ಕೆ ಅವರ ಮೇಲೆ ಶಿಸ್ತುಕ್ರಮ ನಡೆಯಿತು, ವೃತ್ತಿ ಮುಗಿಯಿತು, 1954ರಲ್ಲಿ ಕಡುಬಡತನದಲ್ಲಿ ಸತ್ತರು. ಆಜ್ಞೆ ಮೀರಿದವನು ಉಳಿಸಿದ ಜೀವಗಳನ್ನು, ಅವನನ್ನು ಶಿಕ್ಷಿಸಿದವನ ಪುಣ್ಯದ ಲೆಕ್ಕಕ್ಕೆ ಬರೆಯುವುದನ್ನು ಕಂಡಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಇಂದಿನ ಪೋರ್ಚುಗಲ್ಲಿನ ಕಟ್ಟಾ ಬಲಪಂಥೀಯ ಶೇಗಾ ಪಕ್ಷದ ನಾಯಕ ಆಂದ್ರೆ ವೆಂತುರಾ, ದೇವರು, ದೇಶ, ಕುಟುಂಬ ಎಂಬ ಸಲಾಜಾರನ ಕಾಲದ ಘೋಷಣೆಗೆ ದುಡಿಮೆ ಎಂಬುದೊಂದನ್ನು ಸೇರಿಸಿ ಬಳಸಿದ್ದಾರೆ. 2019ರಲ್ಲಿ ಒಂದೇ ಸ್ಥಾನವಿದ್ದ ಆ ಪಕ್ಷಕ್ಕೆ 2025ರಲ್ಲಿ 60 ಸ್ಥಾನಗಳು ಬಂದವು.

ಇಟಲಿಯಲ್ಲಿಯೂ ಇದೇ ಧಾಟಿ. ನಾಜಿಗಳ ಕೈಯಲ್ಲಿ ಸತ್ತವರನ್ನು ಸ್ಮರಿಸುವ ದಿನವಾದ ಜನವರಿ 27ರಂದೇ, 2013ರಲ್ಲಿ, ಮಾಜಿ ಪ್ರಧಾನಿ ಬೆರ್ಲುಸ್ಕೋನಿಯವರು ಯಹೂದಿ ವಿರೋಧಿ ಕಾನೂನುಗಳು ಮುಸೊಲಿನಿಯ ದೊಡ್ಡ ತಪ್ಪೆಂದೂ ಉಳಿದ ಅನೇಕ ವಿಷಯಗಳಲ್ಲಿ ಅವನು ಒಳ್ಳೆಯದು ಮಾಡಿದನೆಂದೂ ಹೇಳಿದರು. ಜರ್ಮನಿಯ ಕಟ್ಟಾ ಬಲಪಂಥೀಯ ಎಎಫ್‌ಡಿ ಪಕ್ಷದ ನಾಯಕಿ ಆಲಿಸ್ ವೈಡೆಲ್ ಅವರು 2025ರ ಜನವರಿಯಲ್ಲಿ ಇನ್ನೂ ಮುಂದೆ ಹೋಗಿ, ಹಿಟ್ಲರ್ ಕಮ್ಯುನಿಸ್ಟನಾಗಿದ್ದ ಎಂದುಬಿಟ್ಟರು. 1933ರ ಮಾರ್ಚ್ 22ರಂದು ನಾಜಿಗಳು ತೆರೆದ ಡಾಖಾವ್ ಸೆರೆಶಿಬಿರದ ಮೊದಲ ಕೈದಿಗಳಲ್ಲಿ ಕಮ್ಯುನಿಸ್ಟರೂ ಸಮಾಜವಾದಿಗಳೂ ಇದ್ದರು. ಮೇ 2ರಂದು ಕಾರ್ಮಿಕ ಸಂಘಗಳ ಕಚೇರಿಗಳನ್ನು ನಾಜಿಗಳು ವಶಪಡಿಸಿಕೊಂಡರು. ಜನರೇ ಹಿಟ್ಲರನನ್ನು ಬಹುಮತದಿಂದ ಆರಿಸಿದರು ಎಂಬ ಮಾತು ನಮ್ಮಲ್ಲಿಯೂ ಓಡಾಡುತ್ತದೆ. ಪ್ರತಿಪಕ್ಷದವರನ್ನು ಸೆರೆಗೆ ತಳ್ಳುತ್ತಲೇ ನಡೆಸಿದ 1933ರ ಮಾರ್ಚ್ ಚುನಾವಣೆಯಲ್ಲಿ ಸಹ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ. 43.9 ಮಾತ್ರ.

ಪ್ರಜಾಪ್ರಭುತ್ವದ ಸರ್ಕಾರಗಳು ಸುಳ್ಳು ಹೇಳುವುದಿಲ್ಲವೇ ಎಂದು ನಿಮ್ಮ ಸಹೋದ್ಯೋಗಿ ಕೇಳಬಹುದು, ಕೇಳಬೇಕಾದ್ದೇ. ಅದಕ್ಕೆ ಉದಾಹರಣೆ ನಾನು ದಿನವೂ ನೋಡುವ ಮುರಗಾಂವ್ ಬಂದರಿನಲ್ಲಿಯೇ ಇದೆ. ಯುದ್ಧ ಶುರುವಾದಾಗ ಎಹ್ರೆನ್‌ಫೆಲ್ಸ್ ಮೊದಲಾದ ಜರ್ಮನ್ ಹಡಗುಗಳು ತಟಸ್ಥ ನೀರೆಂದು ಇಲ್ಲಿ ಆಶ್ರಯ ಪಡೆದಿದ್ದವು. ಅವುಗಳಲ್ಲೊಂದರ ಗುಪ್ತ ರೇಡಿಯೋದಿಂದ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗುತ್ತಿದೆಯೆಂದು ಶಂಕಿಸಿದ ಬ್ರಿಟಿಷರು, 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತೆಯ ಕಡೆಯಿಂದ ವಯಸ್ಸಾದ ಹವ್ಯಾಸಿ ಸೈನಿಕರ ಒಂದು ತಂಡವನ್ನು ತರಿಸಿ ದಾಳಿ ಮಾಡಿಸಿದರು. ಹಡಗುಗಳು ಹೊತ್ತಿ ಉರಿದು ಮುಳುಗಿದವು. ತಟಸ್ಥ ಬಂದರಿನಲ್ಲಿ ಮಾಡಿದ ಕೆಲಸವಾದ್ದರಿಂದ ಬ್ರಿಟನ್ ಬಾಯಿ ಬಿಡಲಿಲ್ಲ, ಜರ್ಮನ್ ನಾವಿಕರೇ ಬೆಂಕಿ ಹಚ್ಚಿದರೆಂಬ ಕಥೆ ಉಳಿಯಿತು. ಆದರೆ 1978ರಲ್ಲಿ ಅದು ಬ್ರಿಟನ್ನಿನಲ್ಲಿಯೇ ಪುಸ್ತಕವಾಗಿ ಹೊರಬಂತು, ದಾಳಿಯಲ್ಲಿದ್ದವರೇ ಮಾತನಾಡಿದರು, ಯಾರೂ ಸೆರೆಗೆ ಹೋಗಲಿಲ್ಲ. ಸುಳ್ಳು ಎರಡೂ ಕಡೆ ಹುಟ್ಟುತ್ತದೆ. ಅದನ್ನು ಬಯಲಿಗೆಳೆದವನ ಗತಿ ಏನಾಗುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ.

ಇಷ್ಟೆಲ್ಲ ಗೊತ್ತಿದ್ದೂ ಜನ ಏಕೆ ಮರುಳಾಗುತ್ತಾರೆ? ದಣಿವಿನಿಂದ ಎಂದು ನನಗನಿಸುತ್ತದೆ. ಒಂದು ದಾಖಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದವನಿಗೆ, ನಲ್ಲಿಯಲ್ಲಿ ನೀರು ಬಾರದವನಿಗೆ, ಎಲ್ಲವನ್ನೂ ಒಂದೇ ಏಟಿಗೆ ಸರಿಮಾಡುವವನೊಬ್ಬ ಬರಲಿ ಎನಿಸುವುದು ಸಹಜ, ಆ ಸಂಕಟವನ್ನು ನಾನು ಗೌರವಿಸುತ್ತೇನೆ. ಆದರೆ ಆ ಏಟು ತನ್ನ ಬೆನ್ನಿಗೆ ಬೀಳುವುದಿಲ್ಲ ಎಂದು ಅವನು ನಂಬಿಕೊಂಡಿರುತ್ತಾನೆ. ಗೋವಾದ ಕನ್ನಡಿಗರು ಹೀಗೆ ನಂಬಲು ಏನು ಆಧಾರವಿದೆಯೋ ನಾನರಿಯೆ. ಘಾಂಟಿ, ಅಂದರೆ ಘಟ್ಟದಾಚೆಯವರು, ಎಂದು ಹೀನಾಯವಾಗಿ ಮಾರುಕಟ್ಟೆಯಲ್ಲಿ ಕರೆಸಿಕೊಳ್ಳುವವರು ನಾವು. ವಾಸ್ಕೋ ಕಡೆಯ ಬೈನಾದ, ಝುವಾರಿನಗರದ ಗುಡಿಸಲುಗಳಲ್ಲಿ ಇರುವವರೂ ನಮ್ಮವರೇ. ಕಾನೂನಿನ ಅಡ್ಡಿಯಿಲ್ಲದ ಶಿಸ್ತು ಬಂದ ದಿನ ಅದು ಮೊದಲು ಯಾರ ಗುಡಿಸಲಿನ ಮುಂದೆ ನಿಲ್ಲುತ್ತದೆ ಎಂದು ನಮ್ಮ ಹುಡುಗರನ್ನು ನಾನು ಕೇಳುತ್ತಿರುತ್ತೇನೆ. ರೈಲು ಸಮಯಕ್ಕೆ ಸರಿಯಾಗಿ ಓಡುತ್ತಿದ್ದ ಕಾಲ ಎಂದು ನಮ್ಮ ತುರ್ತುಪರಿಸ್ಥಿತಿಯನ್ನೂ ಮೆಚ್ಚಿಕೊಳ್ಳುವವರಿದ್ದಾರೆ. ಅದೇ ಕಾಲದಲ್ಲಿ ನಟಿ ಸ್ನೇಹಲತಾ ರೆಡ್ಡಿಯವರು ಆಸ್ತಮಾ ರೋಗಿಯಾಗಿದ್ದೂ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇದ್ದು, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಸಲಾಜಾರನ ಸೆರೆ ಕಂಡಿದ್ದ ಮಧು ಲಿಮಯೆ ಅವರು ಸ್ವತಂತ್ರ ಭಾರತದ ಸೆರೆಯನ್ನೂ ಆಗ ಕಂಡರು.

ಸಲಾಜಾರನಿಗೆ ಗೋವಾದ ಮೇಲೆ ಪ್ರೀತಿಯಿತ್ತು ಎಂಬ ಮಾತೂ ನಿಮ್ಮ ಕಿವಿಗೆ ಬೀಳುತ್ತದೆ, ಅದಕ್ಕೆ 1961ರ ಡಿಸೆಂಬರ್ ಉತ್ತರ ಕೊಡುತ್ತದೆ. ಭಾರತದ ಸೇನೆ ಗಡಿಗೆ ಬಂದಾಗ, ಲಿಸ್ಬನ್ನಿನಲ್ಲಿ ಕುಳಿತಿದ್ದ ಅವನು ಇಲ್ಲಿನ ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವಾಗೆ ಡಿಸೆಂಬರ್ 14ರಂದು ಸಂದೇಶ ಕಳಿಸಿದ: ಕದನ ವಿರಾಮವಿಲ್ಲ, ಶರಣಾಗತಿಯಿಲ್ಲ, ನಮ್ಮ ಸೈನಿಕರು ಮತ್ತು ನಾವಿಕರು ಗೆಲ್ಲಬೇಕು ಇಲ್ಲವೇ ಸಾಯಬೇಕು ಎಂಬುದು ಅದರ ತಾತ್ಪರ್ಯ. ಮೂರು-ನಾಲ್ಕು ಸಾವಿರ ಸೈನಿಕರಿಂದ ಗೆಲುವು ಅಸಾಧ್ಯವೆಂಬುದು ಇಬ್ಬರಿಗೂ ಗೊತ್ತಿತ್ತು. ಅವನಿಗೆ ಬೇಕಾಗಿದ್ದುದು ಜಗತ್ತಿಗೆ ತೋರಿಸಲು ಒಂದು ಬಲಿದಾನ. ಗವರ್ನರ್ ಆ ಆಜ್ಞೆ ಪಾಲಿಸಲಿಲ್ಲ. ಡಿಸೆಂಬರ್ 19ರ ರಾತ್ರಿ ಇದೇ ವಾಸ್ಕೋದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು, ಪಣಜಿಯ ಮನೆಗಳೂ ಮಡಗಾಂವಿನ ಬೀದಿಗಳೂ ಉಳಿದವು. ಊರಿಗೆ ಮರಳಿದ ಮೇಲೆ ಅವರನ್ನು ಸೇನೆಯಿಂದ ಹೊರಹಾಕಿದರು. 1974ರ ಕ್ರಾಂತಿಯಲ್ಲಿ ಆ ಆಡಳಿತ ಉರುಳಿದ ನಂತರವೇ ಅವರ ಸ್ಥಾನಮಾನ ಮರಳಿ ಸಿಕ್ಕಿತು.

ನಿಮ್ಮ ಸಹೋದ್ಯೋಗಿಯೊಡನೆ ವಾದಕ್ಕೆ ಇಳಿಯುವ ಮೊದಲು ಒಂದು ಭಾನುವಾರ ಅವರನ್ನು ಅಗ್ವಾಡ ಕೋಟೆಯ ಹಳೆಯ ಸೆರೆಮನೆಗೆ ಕರೆದುಕೊಂಡು ಹೋಗಿ, ಈಗ ಅದು ವಸ್ತುಸಂಗ್ರಹಾಲಯವಾಗಿದೆ. ಆ ಕಾಲವನ್ನು ಕಂಡ ಹಿರಿಯರು ನಿಮ್ಮ ಓಣಿಯಲ್ಲಿದ್ದರೆ, ಬೀಗ ಹಾಕುತ್ತಿದ್ದಿರೋ ಇಲ್ಲವೋ ಎಂದು ಕೇಳಿದ ಮೇಲೆ, ಅಂದಿನ ಪತ್ರಿಕೆಯಲ್ಲಿ ಸರ್ಕಾರದ ವಿರುದ್ಧ ಏನಾದರೂ ಓದಿದ ನೆನಪಿದೆಯೇ ಎಂದೂ ಕೇಳಿ ನೋಡಿ.