ಆಸ್ಟ್ರೇಲಿಯಾದ 189 ವೀಸಾ: 65 ಅಂಕ ಮತ್ತು 33ರ ವಯಸ್ಸು
ಮಾನ್ಯರೇ, ನುರಿತ ವೃತ್ತಿಪರರಿಗೆ ಅಂಕಗಳ ಆಧಾರದಲ್ಲಿ ಸಿಗುವ ಆಸ್ಟ್ರೇಲಿಯಾದ ಕಾಯಂ ವಾಸದ 189 ವೀಸಾಕ್ಕೆ 65 ಅಂಕ ಸಾಕೇ, ಮೂರು ತಿಂಗಳಲ್ಲಿ 33 ತುಂಬಿದರೆ ವ್ಯತ್ಯಾಸವಾಗುತ್ತದೆಯೇ ಎಂದು ಕೇಳಿದ್ದೀರಿ. 65 ಎಂಬುದು ಆಸಕ್ತಿ ಸೂಚಿಸಲು (ಅರ್ಜಿಗೂ ಮೊದಲು ಸಲ್ಲಿಸುವ ಕೋರಿಕೆ) ಬೇಕಾದ ಕನಿಷ್ಠ ಅರ್ಹತೆ ಮಾತ್ರ. ವೀಸಾಕ್ಕೆ ಅರ್ಜಿ ಹಾಕಲು ಆಹ್ವಾನ ಹೋಗುವುದು ಹೆಚ್ಚು ಅಂಕ ಪಡೆದವರಿಗೆ ಮೊದಲು, ಮತ್ತು ನಿಮ್ಮ ಸಾಫ್ಟ್‌ವೇರ್ ವೃತ್ತಿಯಲ್ಲಿ ಪೈಪೋಟಿ ವಿಪರೀತವಾಗಿದೆ. ವಯಸ್ಸನ್ನು ಆಹ್ವಾನ ಬಂದ ದಿನಕ್ಕೆ ಲೆಕ್ಕ ಹಾಕುವುದರಿಂದ, 33 ತುಂಬಿದೊಡನೆ ವಯಸ್ಸಿನ 30 ಅಂಕ 25ಕ್ಕೆ ಇಳಿಯುತ್ತದೆ. ಅನುಭವದ ಲೆಕ್ಕದಲ್ಲೂ ಎಚ್ಚರವಿರಲಿ: ನನ್ನ ಎಂಟು ವರ್ಷಗಳ ಸೇವಾಪತ್ರಗಳಲ್ಲಿ ಮೊದಲ ಎರಡು ವರ್ಷಗಳನ್ನು ಕೌಶಲ ಮೌಲ್ಯಮಾಪನದಲ್ಲಿ (ವಿದ್ಯಾರ್ಹತೆ, ಅನುಭವಗಳ ಅಧಿಕೃತ ಪರಿಶೀಲನೆ) ಕಳೆದು ಆರನ್ನಷ್ಟೇ ಒಪ್ಪಿದ್ದರಿಂದ, 15 ಅಂಕ ಬರಬೇಕಾದಲ್ಲಿ 10 ಬಂದಿತು. ನೀವು ಮೊದಲು ಇಂಗ್ಲಿಷ್ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯುವುದು ಒಳ್ಳೆಯದೆಂದು ನನ್ನ ದೃಢವಾದ ಅಭಿಪ್ರಾಯ; ಪ್ರೊಫಿಷಿಯೆಂಟ್ ಮಟ್ಟದಿಂದ ಸುಪೀರಿಯರ್‌ಗೆ ಏರಿದರೆ 10 ಅಂಕ 20 ಆಗಿ, ವಯಸ್ಸಿನಿಂದ ಕಳೆದುಹೋಗುವ ಐದನ್ನು ತುಂಬಿಯೂ ಐದು ಉಳಿಯುತ್ತದೆ. ರಾಜ್ಯ ಸರ್ಕಾರದ ನಾಮನಿರ್ದೇಶನ ಬೇಕಾಗುವ 190 ವೀಸಾಕ್ಕೂ ಜೊತೆಯಲ್ಲೇ ಆಸಕ್ತಿ ಸೂಚಿಸಿ, ನಾಮನಿರ್ದೇಶನ ದೊರೆತರೆ ಇನ್ನೂ 5 ಅಂಕ ಸೇರುತ್ತದೆ.